ತುಂಡಾಗದ ಎಳೆ: ಆಲ್‌ಫ್ರೆಡ್ ಹರ್ಷಿ

ಜೀವವಿಜ್ಞಾನವನ್ನು ಒಂದಿಷ್ಟು ಓದಿದವರಿಗೆಲ್ಲ ಆಲ್‌ಫ್ರೆಡ್ ಹರ್ಷಿ ಎಂಬ ಅಮೆರಿಕನ್ ವಿಜ್ಞಾನಿಯ ಹೆಸರು ಪರಿಚಿತ. ಆದರೆ ಆ ಹೆಸರಿನೊಡನೆ ಅವರ ನೆನಪಿಗೆ ಬರುವುದು ಒಂದೇ ಒಂದು ಪ್ರಯೋಗ: 1952ರಲ್ಲಿ ಅಡಿಗೆಮನೆಯ ಬ್ಲೆಂಡರೊಂದರ ನೆರವಿನಿಂದ, ವೈರಸ್ಸಿನ ಆನುವಂಶಿಕ ಗುಣಗಳನ್ನು ಹೊರುವ ವಸ್ತು ಪ್ರೋಟೀನಲ್ಲ, ಡಿ.ಎನ್‌.ಎ. ಎಂದು ತೋರಿಸಿದ ಪ್ರಯೋಗ. ಪಠ್ಯಪುಸ್ತಕವು ಆತನನ್ನು ಅಲ್ಲಿಗೇ ಬಿಟ್ಟು ಮುಂದಿನ ಅಧ್ಯಾಯಕ್ಕೆ ಹೋಗುತ್ತದೆ. ಆತನಾದರೋ ಅಲ್ಲಿ ನಿಲ್ಲಲಿಲ್ಲ. 1969ರ ಡಿಸೆಂಬರಿನಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಲು ಸ್ಟಾಕ್‌ಹೋಮಿಗೆ ಹೋದಾಗ, ಪದ್ಧತಿಯಂತೆ ಕೊಡಬೇಕಾದ ಉಪನ್ಯಾಸಕ್ಕೆ ಆತ ಆರಿಸಿಕೊಂಡ ವಿಷಯ ಆ ಪ್ರಸಿದ್ಧ ಪ್ರಯೋಗವಲ್ಲ, ಡಿ.ಎನ್‌.ಎ. ಅಣುವಿನ ರಚನೆಯಲ್ಲಿ ಕಾಣಬರುವ ಕೆಲವು ವೈಚಿತ್ರ್ಯಗಳು. ಆ ಎಳೆ ಎಲ್ಲಿ ಮೊದಲಾಗುತ್ತದೆ, ಎಲ್ಲಿ ಮುಗಿಯುತ್ತದೆ, ಅದರ ತುದಿಗಳ ಸ್ವಭಾವವೇನು ಎಂಬಂತಹ, ಸಾಮಾನ್ಯರ ಕಿವಿಗೆ ಬಹು ಸಣ್ಣದಾಗಿ ಕೇಳಿಸುವ ಸಂಗತಿಗಳು. ತನ್ನ ದುಡಿಮೆಯಲ್ಲಿ ತನಗೆ ಪ್ರಿಯವಾದುದು ಯಾವುದೆಂಬುದನ್ನು ಆತ ಹೀಗೆ ಸೂಚಿಸಿದನೆಂದು ತೋರುತ್ತದೆ. ಆ ಆಯ್ಕೆಯೇ ಸರಿಯೆಂದು ನನ್ನ ಭಾವನೆ. ಬ್ಲೆಂಡರಿನ ಕಥೆ ಹರ್ಷಿಗೆ ಕೀರ್ತಿಯನ್ನು ತಂದಿತು. ಆದರೆ ಆತನ ನಿಜವಾದ ಸತ್ತ್ವವನ್ನು ಕಾಣಬೇಕಾದರೆ ಅನಂತರದ ಹತ್ತು ಹನ್ನೆರಡು ವರ್ಷಗಳ ಸದ್ದಿಲ್ಲದ ಕೆಲಸವನ್ನು ನೋಡಬೇಕು.

ಹರ್ಷಿ ಹುಟ್ಟಿದ್ದು 1908ನೆಯ ಇಸವಿ ಡಿಸೆಂಬರ್ 4ರಂದು, ಮಿಷಿಗನ್ ಸಂಸ್ಥಾನದ ಒವೊಸೊ ಎಂಬ ಊರಿನಲ್ಲಿ. ಅದೇ ಸಂಸ್ಥಾನದ ಸರ್ಕಾರೀ ಕಾಲೇಜಿನಲ್ಲಿ ಓದಿ 1930ರಲ್ಲಿ ಪದವಿಯನ್ನೂ 1934ರಲ್ಲಿ ಡಾಕ್ಟರೇಟನ್ನೂ ಪಡೆದನು. ಬ್ರುಸೆಲ್ಲ ಎಂಬ ಬ್ಯಾಕ್ಟೀರಿಯದ ದೇಹದಲ್ಲಿರುವ ರಾಸಾಯನಿಕ ವಸ್ತುಗಳು ಆತನ ಪ್ರಬಂಧದ ವಿಷಯವಾಗಿದ್ದುವು. ಅದೇ ವರ್ಷ ಸೇಂಟ್ ಲೂಯಿಯ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಜಾಕ್ ಬ್ರಾನ್‌ಫೆನ್‌ಬ್ರೆನರ್ ಎಂಬ ಹಿರಿಯ ಪ್ರಾಧ್ಯಾಪಕನ ಕೈಕೆಳಗೆ ಕೆಲಸ ದೊರೆಯಿತು. ಬ್ರಾನ್‌ಫೆನ್‌ಬ್ರೆನರನ ಆಸಕ್ತಿ ಬ್ಯಾಕ್ಟೀರಿಯೊಫೇಜುಗಳಲ್ಲಿ. ಶಿಷ್ಯನಿಗೂ ಅದೇ ದಾರಿಯಾಯಿತು.

ಫೇಜ್ ಎಂದರೆ ಬ್ಯಾಕ್ಟೀರಿಯಗಳಿಗೆ ತಗಲುವ ವೈರಸ್. ನಮ್ಮನ್ನು ಕಾಡುವ ಬ್ಯಾಕ್ಟೀರಿಯಗಳನ್ನೂ ಕಾಡುವವರುಂಟು! 1915ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟ್ ಇದರ ಸುಳಿವನ್ನು ಕಂಡನು. 1917ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಫೆಲಿಕ್ಸ್ ದೆರೆಲ್ ಅದಕ್ಕೆ ಹೆಸರನ್ನಿಟ್ಟನು. ಹರ್ಷಿ ಮುಂದೆ ಬಹುಕಾಲ ಬಳಸಿದ ಟಿ2 ಎಂಬ ಫೇಜಿಗೆ ಒಂದು ತಲೆ, ಒಂದು ಬಾಲ. ತಲೆಯ ಉದ್ದ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಹೊರಗೆ ಪ್ರೋಟೀನಿನ ಚಿಪ್ಪು, ಒಳಗೆ ಡಿ.ಎನ್‌.ಎ. ಇದು ಬ್ಯಾಕ್ಟೀರಿಯದ ಮೈಗೆ ಬಾಲವನ್ನು ಊರಿ ನಿಲ್ಲುತ್ತದೆ; ಅರ್ಧ ಗಂಟೆಯೊಳಗಾಗಿ ಆ ಬ್ಯಾಕ್ಟೀರಿಯ ಒಡೆದು ನೂರಾರು ಹೊಸ ಫೇಜುಗಳು ಹೊರಬೀಳುತ್ತವೆ. ಇಷ್ಟು ಸರಳವಾದ ಜೀವಿಯಲ್ಲಿ ಅನುವಂಶೀಯತೆಯ ಗುಟ್ಟನ್ನು ಹುಡುಕುವುದು ಸುಲಭವೆಂದು ಕೆಲವರಿಗೆ ಹೊಳೆಯಿತು. ಅವರಲ್ಲಿ ಮುಖ್ಯನಾದವನು ಜರ್ಮನಿಯಿಂದ ಬಂದಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಡೆಲ್‌ಬ್ರೂಕ್. ಅವನ ಜೊತೆಗಾರ ಇಟಲಿಯಿಂದ ಬಂದಿದ್ದ ಸಾಲ್ವಡಾರ್ ಲೂರಿಯ.

1943ರಲ್ಲಿ ಡೆಲ್‌ಬ್ರೂಕ್ ಹರ್ಷಿಯನ್ನು ತಾನಿದ್ದ ನ್ಯಾಷ್‌ವಿಲ್ ನಗರಕ್ಕೆ ಕರೆಸಿಕೊಂಡನು. ಬಂದವನ ವಿಚಾರವಾಗಿ ಆತ ಲೂರಿಯನಿಗೆ ಬರೆದು ತಿಳಿಸಿದ ಅಭಿಪ್ರಾಯ ಸ್ವಾರಸ್ಯವಾಗಿದೆ: ಈತ ವಿಸ್ಕಿ ಕುಡಿಯುತ್ತಾನೆ, ಚಹ ಮುಟ್ಟುವುದಿಲ್ಲ, ನೇರವಾಗಿ, ಸರಳವಾಗಿ ಮಾತನಾಡುತ್ತಾನೆ, ಮೂರು ತಿಂಗಳು ಹಾಯಿದೋಣಿಯಲ್ಲಿ ಕಳೆಯುವುದೆಂದರೆ ಇಷ್ಟ, ಸ್ವತಂತ್ರನಾಗಿರಲು ಬಯಸುತ್ತಾನೆ. ಯುದ್ಧದ ಕಾಲ. ಜರ್ಮನಿ ಮತ್ತು ಇಟಲಿಗಳು ಶತ್ರುರಾಷ್ಟ್ರಗಳು. ಹೀಗಾಗಿ ಇಬ್ಬರು ಪರದೇಶದ ಶತ್ರುಗಳೂ ಸಮಾಜಕ್ಕೆ ಹೊಂದಿಕೊಳ್ಳದ ಒಬ್ಬ ಅಮೆರಿಕನ್ನನೂ ಸೇರಿ ಕಟ್ಟಿದ ಕೂಟ ಇದೆಂದು ಆಮೇಲೆ ಹಾಸ್ಯವಾಗಿ ಹೇಳಿಕೊಳ್ಳುವುದುಂಟಾಯಿತು. ಹರ್ಷಿಯ ಮೌನ ಪ್ರಸಿದ್ಧವಾಗಿತ್ತು. ಕೇಳಿದ ಪ್ರಶ್ನೆಗೆ ಒಂದೆರಡು ಮಾತಿನಲ್ಲಿ ಉತ್ತರ ಕೊಟ್ಟು ಸುಮ್ಮನಾಗುವವನು ಆತ. ಬರೆಹವೂ ಹಾಗೆಯೇ, ಒಂದು ಪದವನ್ನು ಕಿತ್ತರೆ ವಾಕ್ಯ ಬೀಳುವಷ್ಟು ಬಿಗಿ.

ಸೇಂಟ್ ಲೂಯಿಯಲ್ಲಿದ್ದಾಗಲೇ ಹರ್ಷಿ ಒಂದು ದೊಡ್ಡ ಸಂಗತಿಯನ್ನು ಕಂಡುಹಿಡಿದನು. ಎರಡು ಬಗೆಯ ಫೇಜುಗಳು ಒಂದೇ ಬ್ಯಾಕ್ಟೀರಿಯವನ್ನು ಹೊಕ್ಕರೆ, ಹುಟ್ಟುವ ಸಂತಾನದಲ್ಲಿ ಎರಡರ ಗುಣಗಳೂ ಬೆರೆತು ಬರುತ್ತವೆ. ವೈರಸ್ಸಿಗೂ ಜೀನುಗಳಿವೆ, ಅವುಗಳನ್ನು ಸಾಲಾಗಿ ನಕ್ಷೆಯಲ್ಲಿ ಗುರುತಿಸಬಹುದು ಎಂಬುದು ಇದರಿಂದ ತಿಳಿಯಿತು. ಆದರೆ ಆ ಸಾಲು ಯಾವ ವಸ್ತುವಿನದು?

1950ರಲ್ಲಿ ಹರ್ಷಿ ನ್ಯೂಯಾರ್ಕಿನ ಬಳಿ ಲಾಂಗ್ ಐಲೆಂಡಿನ ಕೋಲ್ಡ್ ಸ್ಪ್ರಿಂಗ್ ಹಾರ್ಬರಿಗೆ ಬಂದನು. ಅಲ್ಲಿ ಕಾರ್ನೆಗಿ ಸಂಸ್ಥೆಯ ತಳಿಶಾಸ್ತ್ರ ವಿಭಾಗವಿತ್ತು. ಪಕ್ಕದಲ್ಲೇ ಸಮುದ್ರ, ಹಾಯಿದೋಣಿಗೆ ಅನುಕೂಲ. ಸಹಾಯಕಿಯಾಗಿ ಬಂದವಳು ಮಾರ್ಥಾ ಚೇಸ್, ಇಪ್ಪತ್ತೆರಡು ಇಪ್ಪತ್ತಮೂರರ ತರುಣಿ, ಆಗತಾನೇ ಕಾಲೇಜು ಮುಗಿಸಿದ್ದವಳು. ಇವರಿಬ್ಬರೂ ಮಾಡಿದ ಪ್ರಯೋಗವೇ ಮೇಲೆ ಹೇಳಿದ ಬ್ಲೆಂಡರಿನ ಪ್ರಯೋಗ. ಪ್ರೋಟೀನಿನಲ್ಲಿ ಗಂಧಕವಿದೆ, ಡಿ.ಎನ್‌.ಎ.ಯಲ್ಲಿ ಇಲ್ಲ, ಡಿ.ಎನ್‌.ಎ.ಯಲ್ಲಿ ರಂಜಕವಿದೆ, ಫೇಜಿನ ಪ್ರೋಟೀನಿನಲ್ಲಿ ಇಲ್ಲವೆನ್ನುವಷ್ಟು ಕಡಮೆ. ಆದ್ದರಿಂದ ಕೆಲವು ಫೇಜುಗಳನ್ನು ವಿಕಿರಣಶೀಲ ಗಂಧಕದಲ್ಲೂ ಕೆಲವನ್ನು ವಿಕಿರಣಶೀಲ ರಂಜಕದಲ್ಲೂ ಬೆಳೆಸಿ ಗುರುತು ಹಾಕಿದರು. ಅವು ಬ್ಯಾಕ್ಟೀರಿಯಕ್ಕೆ ಅಂಟಿಕೊಂಡ ಮೇಲೆ ಬ್ಲೆಂಡರಿನಲ್ಲಿ ಹಾಕಿ ಕಡೆದಾಗ ಹೊರಗೆ ಅಂಟಿದ್ದ ಚಿಪ್ಪುಗಳು ಕಳಚಿಕೊಂಡುವು. ಗಂಧಕದ ನೂರಕ್ಕೆ ಎಂಬತ್ತು ಪಾಲು ಚಿಪ್ಪಿನೊಡನೆ ಹೋಯಿತು. ರಂಜಕದ ಬಹುಭಾಗ ಬ್ಯಾಕ್ಟೀರಿಯದ ಒಳಗೇ ಉಳಿಯಿತು. ಚಿಪ್ಪು ಕಳಚಿದರೂ ಬ್ಯಾಕ್ಟೀರಿಯದೊಳಗೆ ಹೊಸ ಫೇಜುಗಳು ಎಂದಿನಂತೆ ಹುಟ್ಟಿದುವು. ಆ ಸಂತಾನಕ್ಕೆ ತಾಯಿಫೇಜಿನ ರಂಜಕ ನೂರಕ್ಕೆ ಮೂವತ್ತರಷ್ಟು ಸೇರಿದ್ದರೆ, ಗಂಧಕ ನೂರಕ್ಕೆ ಒಂದರಷ್ಟೂ ಇರಲಿಲ್ಲ.

ಡಿ.ಎನ್‌.ಎ.ಯ ಪರವಾಗಿ ಇದು ಮೊದಲ ಸಾಕ್ಷ್ಯವೇನೂ ಅಲ್ಲ. 1944ರಲ್ಲಿಯೇ ಆಸ್ವಾಲ್ಡ್ ಏವರಿಯೂ ಆತನ ಸಂಗಡಿಗರೂ ನ್ಯುಮೋನಿಯದ ಬ್ಯಾಕ್ಟೀರಿಯದಲ್ಲಿ ಇನ್ನೂ ಶುದ್ಧವಾದ ಪ್ರಯೋಗದಿಂದ ಅದನ್ನೇ ತೋರಿಸಿದ್ದರು. ಜನ ಆಗ ನಂಬಲಿಲ್ಲ; 1952ರಲ್ಲಿ ನಂಬಿದರು. ನಂಬದೆ ಉಳಿದವನು ಒಬ್ಬನಿದ್ದನೆಂದರೆ ಅವನು ಸ್ವತಃ ಹರ್ಷಿ! ಮಿಕ್ಕ ಇಪ್ಪತ್ತು ಪಾಲು ಗಂಧಕ ಆತನನ್ನು ಬಾಧಿಸುತ್ತಿತ್ತು. ಪ್ರೋಟೀನಿಗೆ ಫೇಜಿನ ವೃದ್ಧಿಯಲ್ಲಿ ಕೆಲಸವಿಲ್ಲ, ಡಿ.ಎನ್‌.ಎ.ಗೆ ಏನೋ ಒಂದು ಕೆಲಸವಿದೆ, ಇಷ್ಟೇ ಆತ ತನ್ನ ಲೇಖನದಲ್ಲಿ ಒಪ್ಪಿಕೊಂಡದ್ದು. 1953ರ ಬೇಸಗೆಯಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನಲ್ಲೇ ನಡೆದ ಸಮಾವೇಶದಲ್ಲಿ, ಆನುವಂಶಿಕ ಗುಣವನ್ನು ನಿರ್ಧರಿಸುವುದು ಡಿ.ಎನ್‌.ಎ. ಒಂದೇ ಆಗಿರಲಾರದೆಂದು ತನ್ನ ಊಹೆಯನ್ನು ತಿಳಿಸಿದನು. ಅದೇ ಸಮಾವೇಶದಲ್ಲಿ ಲೂರಿಯನ ಶಿಷ್ಯ ಜೇಮ್ಸ್ ವಾಟ್ಸನ್ ತಾನೂ ಫ್ರಾನ್ಸಿಸ್ ಕ್ರಿಕ್ಕನೂ ಕಂಡ ಜೋಡಿ ಸುರುಳಿಯನ್ನು ವಿವರಿಸಿದನು. ಹರ್ಷಿಯ ಊಹೆ ತಪ್ಪಾಯಿತು. ಆದರೂ ತನ್ನ ಗೆಲುವನ್ನು ತಾನೇ ಸಂದೇಹಿಸುವ ಈ ಗುಣವೇ ಆತನನ್ನು ಮುಂದಿನ ಕೆಲಸಕ್ಕೆ ಕೊಂಡೊಯ್ದಿತು.

ಜೋಡಿ ಸುರುಳಿಯಿಂದ ಡಿ.ಎನ್‌.ಎ.ಯ ಎಳೆ ಹೇಗೆ ಹೆಣೆದಿದೆ ಎಂಬುದು ತಿಳಿಯಿತು. ಎಳೆಯ ಉದ್ದವೆಷ್ಟು, ಒಂದು ಫೇಜಿನ ತಲೆಯಲ್ಲಿ ಇಂತಹ ಎಳೆಗಳು ಎಷ್ಟಿವೆ ಎಂಬುದು ತಿಳಿಯಲಿಲ್ಲ. ಪ್ರಯೋಗಶಾಲೆಗಳಲ್ಲಿ ಟಿ2 ಫೇಜನ್ನು ಒಡೆದು ಡಿ.ಎನ್‌.ಎ.ಯನ್ನು ತೆಗೆದವರಿಗೆಲ್ಲ ಸಿಕ್ಕಿದ್ದು ಚೂರುಗಳು. ಒಬ್ಬೊಬ್ಬರ ಅಳತೆ ಒಂದೊಂದು. ದೊಡ್ಡ ತುಂಡು ಒಂದು, ಸಣ್ಣವು ಹಲವು ಇರಬೇಕೆಂದು ಕೆಲವರು ವಾದಿಸಿದರು. ನಮ್ಮ ಹಳೆಯ ಓಲೆಗರಿಯ ಕಟ್ಟುಗಳನ್ನು ಮುಟ್ಟಿ ನೋಡಿದವರಿಗೆ ಈ ಇಕ್ಕಟ್ಟಿನ ಸ್ವರೂಪ ಬೇಗ ಅರ್ಥವಾದೀತು. ತಲೆಮಾರುಗಳ ಕಾಲ ಕಟ್ಟಿಟ್ಟಿದ್ದ ಕಟ್ಟನ್ನು ಬಿಚ್ಚಿದಾಗ ಗರಿಗಳು ಚೂರುಚೂರಾಗಿ ಕಾಣುತ್ತವೆ. ಅವು ಮೊದಲೇ ಚೂರಾಗಿದ್ದುವೋ, ಬಿಚ್ಚಿದವನ ಬೆರಳೇ ಅವನ್ನು ಮುರಿಯಿತೋ? ಎರಡನೆಯದೇ ನಿಜವಾಗಿದ್ದರೆ ಆ ಚೂರುಗಳನ್ನು ಎಣಿಸಿ ಬರೆದ ವಿವರಣೆಗಳೆಲ್ಲ ವ್ಯರ್ಥ. ಜೀನುಗಳು ನಕ್ಷೆಯಲ್ಲಿ ಒಂದೇ ಸಾಲಾಗಿ ಕಾಣುತ್ತಿರುವಾಗ, ಅವುಗಳನ್ನು ಹೊತ್ತ ವಸ್ತು ಹಲವು ತುಂಡುಗಳಾಗಿರುವುದೆಂದರೆ ಡಿ.ಎನ್‌.ಎ.ಯ ಸಿದ್ಧಾಂತದಲ್ಲೇ ಎಲ್ಲಿಯೋ ಬಿರುಕಿದ್ದಂತೆ.

ಹರ್ಷಿ ಮೊದಲು ಮಾಡಿದ್ದು ಬಿಚ್ಚುವ ಕೈಯನ್ನು ಪರೀಕ್ಷಿಸುವ ಕೆಲಸ. ಜೋಸೆಫ್ ಮ್ಯಾಂಡೆಲನ ಜೊತೆಗೂಡಿ 1960ರಲ್ಲಿ ಆತ ಒಂದು ಸಾಧನವನ್ನು ಸಿದ್ಧಪಡಿಸಿದನು: ನುಣ್ಣನೆಯ ಒಂದು ಬಗೆಯ ಮಣ್ಣಿಗೆ ಪ್ರೋಟೀನನ್ನು ಲೇಪಿಸಿ ತುಂಬಿದ ಗಾಜಿನ ಕೊಳವೆ. ಡಿ.ಎನ್‌.ಎ. ಅದಕ್ಕೆ ಅಂಟಿಕೊಳ್ಳುತ್ತದೆ, ಉಪ್ಪುನೀರನ್ನು ಸ್ವಲ್ಪ ಸ್ವಲ್ಪವಾಗಿ ಗಾಢಮಾಡುತ್ತ ಹಾಯಿಸಿದರೆ ಚಿಕ್ಕ ಅಣುಗಳು ಮೊದಲು, ದೊಡ್ಡವು ಆಮೇಲೆ ಬಿಟ್ಟುಕೊಂಡು ಬರುತ್ತವೆ. ಈ ಕೊಳವೆಯಲ್ಲಿ ಟಿ2 ಫೇಜಿನ ಡಿ.ಎನ್‌.ಎ.ಯ ನಡತೆ ದಿನಕ್ಕೊಂದು ರೀತಿಯಾಗಿ ಕಂಡಿತು. ಕಾರಣವನ್ನು ಹುಡುಕುತ್ತ ಹೋದರೆ ದೋಷ ಕೊಳವೆಯದಲ್ಲ, ಮುನ್ನ ನಡೆದ ಉಪಚಾರದ್ದು. ದ್ರವವನ್ನು ಪಿಪೆಟ್ಟಿನಲ್ಲಿ ರಭಸದಿಂದ ಎಳೆದರೂ ಸಾಕು, ಕಲಕಿದರೂ ಸಾಕು, ಎಳೆ ತುಂಡಾಗುತ್ತಿತ್ತು. ನೀರು ಹರಿಯುವಾಗ ಅದರ ಪದರಗಳು ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ. ಉದ್ದನೆಯ ಎಳೆಯ ಒಂದು ಭಾಗ ಒಂದು ಪದರದಲ್ಲಿ, ಇನ್ನೊಂದು ಭಾಗ ಇನ್ನೊಂದರಲ್ಲಿ ಸಿಕ್ಕಿಕೊಂಡು ಎಳೆದಾಟವಾಗುತ್ತದೆ. ಬಿಗಿತ ಹೆಚ್ಚಾಗಿರುವ ನಡುವಿನಲ್ಲಿ ಅದು ಕಡಿದುಹೋಗುತ್ತದೆ. ಕಲಕುವುದರಿಂದ ಡಿ.ಎನ್‌.ಎ. ಮುರಿಯುತ್ತದೆಂದು ಇತರರೂ ಆ ವೇಳೆಗೆ ಕಂಡಿದ್ದರು. ಇತರರಿಗೆ ಅದೊಂದು ತೊಂದರೆ. ಹರ್ಷಿಗೆ ಅದೇ ಅಳತೆಗೋಲಾಯಿತು.

ಎಲಿಜಬೆತ್ ಬರ್ಗಿ ಎಂಬ ಸಹೋದ್ಯೋಗಿಯೊಡನೆ ಆತ ಡಿ.ಎನ್‌.ಎ. ದ್ರಾವಣವನ್ನು ಬೇಕೆಂದೇ, ಗೊತ್ತಾದ ವೇಗಗಳಲ್ಲಿ ಕಲಕತೊಡಗಿದನು. ಒಂದು ವೇಗದವರೆಗೆ ಏನೂ ಆಗುವುದಿಲ್ಲ. ಅದನ್ನು ಮೀರಿದೊಡನೆಯೇ ಪೂರ್ಣ ಅಣುಗಳು ಮಾಯವಾಗಿ ಅರ್ಧ ಅಳತೆಯ ಅಣುಗಳು ಕಾಣಿಸಿಕೊಳ್ಳುತ್ತವೆ. ಆಮೇಲೆ ಎಷ್ಟು ಹೊತ್ತು ಕಲಕಿದರೂ ಅರ್ಧ ಅರ್ಧವಾಗಿಯೇ ಇರುತ್ತದೆ. ವೇಗವನ್ನು ಮತ್ತೂ ಏರಿಸಿದರೆ ಕಾಲುಭಾಗವಾಗುತ್ತದೆ. ಹಲವು ಅಳತೆಯ ತುಂಡುಗಳು ಮೊದಲೇ ಬೆರೆತಿದ್ದರೆ ಇಂತಹ ಶಿಸ್ತು ಸಾಧ್ಯವೇ ಇಲ್ಲ. ಮೆಲ್ಲಗೆ, ಎಳೆದಾಟವಿಲ್ಲದೆ ತೆಗೆದ ಡಿ.ಎನ್‌.ಎ.ಯಲ್ಲಿ ಇರುವುದು ಒಂದೇ ಅಳತೆಯ ಅಣು. 1961ರಲ್ಲಿ ಇರ್ವಿನ್ ರೂಬೆನ್‌ಸ್ಟೈನ್ ಮತ್ತು ಚಾರ್ಲ್ಸ್ ಥಾಮಸರೊಡನೆ ಹರ್ಷಿ ಅದರ ತೂಕವನ್ನು ಕಂಡುಹಿಡಿದಾಗ ಸುಮಾರು 13 ಕೋಟಿ ಎಂದು ಬಂದಿತು, ಜಲಜನಕದ ಪರಮಾಣುವನ್ನು ಒಂದೆಂದು ಇಟ್ಟುಕೊಂಡರೆ. ಅದು ಒಂದು ಫೇಜಿನಲ್ಲಿರುವ ಒಟ್ಟು ಡಿ.ಎನ್‌.ಎ.ಯ ತೂಕವೂ ಹೌದು. ಎಂದರೆ ಒಂದು ಫೇಜಿಗೆ ಒಂದೇ ಎಳೆ. ಅದೇ ಕಾಲಕ್ಕೆ ಹರ್ಷಿಯ ಪ್ರಯೋಗಶಾಲೆಗೆ ಬಂದಿದ್ದ ಜಾನ್ ಕೇರ್ನ್ಸ್, ವಿಕಿರಣಶೀಲವಾದ ಎಳೆ ತಾನೇ ಛಾಯಾಚಿತ್ರದ ಫಿಲ್ಮಿನ ಮೇಲೆ ಗೆರೆಯನ್ನು ಮೂಡಿಸುವಂತೆ ಮಾಡಿ ಉದ್ದವನ್ನು ಅಳೆದನು: ಸುಮಾರು 52 ಮೈಕ್ರೋಮೀಟರು. ಎಳೆಯನ್ನು ತುಂಬಿಟ್ಟಿದ್ದ ತಲೆಗಿಂತ ಐನೂರು ಪಟ್ಟು ಉದ್ದ! 1962ರಲ್ಲಿ ಜರ್ಮನಿಯ ಆಲ್‌ಬ್ರೆಕ್ಟ್ ಕ್ಲೈನ್‌ಷ್ಮಿಟ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೆಗೆದ ಚಿತ್ರದಲ್ಲಿ ಒಡೆದ ಟಿ2 ಫೇಜಿನ ಸುತ್ತಲೂ ಚೆಲ್ಲಿದ ನೂಲುಂಡೆಯಂತೆ ಈ ಎಳೆ ಹರಡಿಕೊಂಡಿದೆ. ಅದರಲ್ಲಿ ಬಿಡಿ ತುದಿಗಳು ಎರಡೇ.

ಬ್ಲೆಂಡರಿನಲ್ಲಿ ಕಡೆದು ಹೆಸರಾದವನು ಕಡೆತದ ಬಲವನ್ನೇ ಅಳೆದು, ತೂಗಿ, ಈ ಎರಡನೆಯ ಸಂಗತಿಯನ್ನೂ ಗೆದ್ದನೆಂಬುದು ನನಗೆ ಬಹಳ ಸೋಜಿಗವಾಗಿ ಕಾಣುತ್ತದೆ.

ಅನಂತರ ಆತ ಲ್ಯಾಂಬ್ಡಾ ಎಂಬ ಇನ್ನೊಂದು ಫೇಜಿಗೆ ಕೈಹಾಕಿದನು. ಇದರ ಎಳೆ ಟಿ2ದರ ಮೂರನೆಯ ಒಂದು ಪಾಲಿನಷ್ಟು. ಈ ಫೇಜಿನ ಸ್ವಭಾವ ವಿಲಕ್ಷಣವಾದುದು. ಬ್ಯಾಕ್ಟೀರಿಯವನ್ನು ಹೊಕ್ಕ ಮೇಲೆ ಕೆಲವು ವೇಳೆ ಅದನ್ನು ಕೊಲ್ಲದೆ, ಅದರ ಡಿ.ಎನ್‌.ಎ.ಯೊಳಗೆ ತಾನೂ ಸೇರಿಕೊಂಡು ತಲೆತಲಾಂತರ ತೆಪ್ಪಗಿರುತ್ತದೆ. ಹಾಗೆ ಸೇರಬೇಕಾದರೆ ಮೊದಲು ಉಂಗುರವಾಗಿರಬೇಕೆಂದು 1962ರಲ್ಲಿ ಆಲನ್ ಕ್ಯಾಂಬೆಲ್ ತರ್ಕಿಸಿದ್ದನು. ಆದರೆ ಫೇಜಿನಿಂದ ತೆಗೆದ ಎಳೆಯೋ ನೇರವಾದುದು. 1963ರಲ್ಲಿ ಹರ್ಷಿ, ಬರ್ಗಿ ಮತ್ತು ಲಾರಾ ಇಂಗ್ರಹಾಂ ಈ ಎಳೆಯ ದ್ರಾವಣವನ್ನು ಕಾಯಿಸಿ ನಿಧಾನವಾಗಿ ಆರಿಸಿದರೆ, ಸೆಂಟ್ರಿಫ್ಯೂಜಿನಲ್ಲಿ ಅದು ಮೊದಲಿಗಿಂತ ಬೇಗ ಕೆಳಗಿಳಿಯುವುದನ್ನು ಕಂಡರು. ದ್ರಾವಣ ಗಾಢವಾಗಿದ್ದರೆ ಎಳೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ತೆಳುವಾಗಿದ್ದರೆ ಎಳೆ ತನ್ನ ತುದಿಯನ್ನು ತಾನೇ ಹಿಡಿಯುತ್ತದೆ. ಮತ್ತೆ ಕಾಯಿಸಿ ಥಟ್ಟನೆ ತಣಿಸಿದರೆ ಬಿಟ್ಟುಕೊಳ್ಳುತ್ತದೆ. ಕಲಕಿ ಎರಡು ಹೋಳು ಮಾಡಿದಾಗ ಎಡದ ಹೋಳು ಬಲದ ಹೋಳನ್ನೇ ಕೂಡುತ್ತದೆ. ಎರಡು ತುದಿಗಳಲ್ಲಿಯೂ ಪರಸ್ಪರ ಹೊಂದುವ ಏನೋ ಇದೆ! ಇಷ್ಟಾದರೂ ಹರ್ಷಿ ತನ್ನ ಲೇಖನದಲ್ಲಿ ಉಂಗುರವೆಂಬ ಹೆಸರನ್ನು ಕೊಡದೆ ಮಡಿಸಿದ ಅಣುವೆಂದಷ್ಟೇ ಕರೆದನು. ಕಣ್ಣಿಗೆ ಕಾಣದಿರುವಾಗ ಉಂಗುರವೆನ್ನುವುದು ಹೇಗೆ? ಅದೇ ವರ್ಷ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇತರರು ಉಂಗುರವನ್ನು ಕಂಡರು.

ಜೋಡಿ ಎಳೆಯ ಪ್ರತಿಯೊಂದು ತುದಿಯಲ್ಲೂ ಒಂದು ಎಳೆ ಮಾತ್ರ 12 ಅಕ್ಷರಗಳಷ್ಟು ಮುಂದಕ್ಕೆ ಚಾಚಿಕೊಂಡಿರುತ್ತದೆ. ಒಂದು ತುದಿಯ ಹನ್ನೆರಡಕ್ಕೆ ಇನ್ನೊಂದು ತುದಿಯ ಹನ್ನೆರಡು ಜೋಡಿ. ಅಕ್ಷರಗಳೆಂದರೆ ಇಲ್ಲಿ ಡಿ.ಎನ್‌.ಎ.ಯ ನಾಲ್ಕು ಬಗೆಯ ಘಟಕಗಳು. ಈ ಹನ್ನೆರಡರ ಕ್ರಮವನ್ನು 1971ರಲ್ಲಿ ರೇ ವೂ ಮತ್ತು ಎಲೆನ್ ಟೇಲರ್ ಓದಿ ತಿಳಿಸಿದರು. ಬೇರೆ ಬೇರೆ ಡಿ.ಎನ್‌.ಎ. ತುಂಡುಗಳಿಗೆ ಅಂಟುವ ತುದಿಗಳನ್ನು ಕೃತಕವಾಗಿ ಹಚ್ಚಿ ಕೂಡಿಸುವ ವಿದ್ಯೆ ಅದೇ ಕಾಲದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಲ್ಯಾಂಬ್ಡಾದ ಉದಾಹರಣೆ ಅವರ ಕಣ್ಣೆದುರಿಗೇ ಇತ್ತು.

ಟಿ2ದರ ತುದಿಗಳ ಕಥೆ ಇನ್ನೂ ವಿಚಿತ್ರ. ಜಾರ್ಜ್ ಸ್ಟ್ರೈಸಿಂಗರ್ ಊಹಿಸಿದ್ದನ್ನು 1964ರಲ್ಲಿ ಥಾಮಸ್ ಮತ್ತು ಮ್ಯಾಕ್‌ಹ್ಯಾಟಿ ಪ್ರಯೋಗದಿಂದ ಸಮರ್ಥಿಸಿದರು. ಈ ಫೇಜಿನಲ್ಲಿ ಎಲ್ಲ ಪ್ರತಿಗಳ ಪಾಠವೂ ಒಂದೇ, ಆರಂಭ ಮಾತ್ರ ಒಂದೊಂದಕ್ಕೆ ಒಂದೊಂದು ಕಡೆ. ಭಾರತವನ್ನು ವಾಚಿಸುವ ಹತ್ತು ಮಂದಿಯಲ್ಲಿ ಒಬ್ಬನು ಸಭಾಪರ್ವದಿಂದ, ಇನ್ನೊಬ್ಬನು ವಿರಾಟಪರ್ವದಿಂದ ತೊಡಗಿ, ಕೊನೆಯನ್ನು ಮುಟ್ಟಿದ ಮೇಲೆ ಆದಿಪರ್ವಕ್ಕೆ ಹೊರಳಿ, ತಾನು ತೊಡಗಿದ ಸ್ಥಳವನ್ನೂ ಕೆಲವು ಪದ್ಯ ದಾಟಿ ನಿಲ್ಲಿಸಿದರೆ ಹೇಗೋ ಹಾಗೆ. ಹೀಗೆ ಪ್ರತಿಯೊಂದು ಎಳೆಯ ಮೊದಲ ಕೆಲವು ಭಾಗ ಕೊನೆಯಲ್ಲಿ ಮತ್ತೊಮ್ಮೆ ಬರುತ್ತದೆ. ಅಳತೆಗೆ ತಕ್ಕಂತೆ ತಲೆಯೊಳಗೆ ತುಂಬಿ, ತುಂಬಿದೊಡನೆ ಕತ್ತರಿಸುವುದೇ ಇದಕ್ಕೆ ಕಾರಣ. ಸ್ಟಾಕ್‌ಹೋಮಿನಲ್ಲಿ ಹರ್ಷಿ ಹೇಳಿದ ವೈಚಿತ್ರ್ಯಗಳು ಇಂತಹವು.

ಆ ವರ್ಷದ ಪಾರಿತೋಷಕ ಡೆಲ್‌ಬ್ರೂಕ್, ಲೂರಿಯ, ಹರ್ಷಿ ಮೂವರಿಗೂ ಸೇರಿ ಬಂದಿತು. ಮಾರ್ಥಾ ಚೇಸಳಿಗೆ ಅದರಲ್ಲಿ ಪಾಲಿರಲಿಲ್ಲ. ಹರ್ಷಿ ತನ್ನ 1952ರ ಲೇಖನದಲ್ಲಿ ಆಕೆಯ ಹೆಸರನ್ನು ತನ್ನ ಹೆಸರಿನೊಡನೆ ಸೇರಿಸಿದ್ದನು. ಸಹಾಯಕರ ಹೆಸರನ್ನು ಕೈಬಿಡುವುದು ಸಾಮಾನ್ಯವಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಜಗತ್ತು ಆ ಹೆಸರನ್ನು ಪ್ರಯೋಗಕ್ಕೆ ಅಂಟಿಸಿತೇ ಹೊರತು ವ್ಯಕ್ತಿಯನ್ನು ಮರೆಯಿತು. ಆಕೆ 1964ರಲ್ಲಿ ಡಾಕ್ಟರೇಟನ್ನು ಪಡೆದಳು. ಮುಂದಿನ ಬಾಳು ಕಷ್ಟದ್ದಾಯಿತು. ಕೊನೆಗಾಲದಲ್ಲಿ ನೆನಪಿನ ಶಕ್ತಿಯೇ ಕುಂದಿ 2003ರಲ್ಲಿ ತೀರಿಕೊಂಡಳು. ಹರ್ಷಿಯ ಕಥೆಯನ್ನು ಹೇಳುವಾಗ ಈ ನೋವನ್ನು ಮುಚ್ಚಿಡುವುದು ಸರಿಯಲ್ಲ.

ವಿಜ್ಞಾನಿಯ ಸುಖವೆಂದರೆ ಯಾವುದೆಂದು ಯಾರೋ ಕೇಳಿದಾಗ, ಸರಿಯಾಗಿ ನಡೆಯುವ ಒಂದು ಪ್ರಯೋಗ ಕೈಗೆ ಸಿಕ್ಕಿ ಅದನ್ನೇ ಮತ್ತೆ ಮತ್ತೆ ಮಾಡುತ್ತಿರುವುದು ಎಂಬ ಅರ್ಥದ ಉತ್ತರವನ್ನು ಹರ್ಷಿ ಕೊಟ್ಟನಂತೆ. ಗೆಳೆಯರು ಅದಕ್ಕೆ ಹರ್ಷಿಯ ಸ್ವರ್ಗವೆಂದೇ ಹೆಸರಿಟ್ಟರು. ಆತ 1962ರಿಂದ ಕಾರ್ನೆಗಿ ಸಂಸ್ಥೆಯ ತಳಿಶಾಸ್ತ್ರ ಘಟಕದ ನಿರ್ದೇಶಕನಾಗಿದ್ದನು. 1971ರಲ್ಲಿ ಲ್ಯಾಂಬ್ಡಾ ಫೇಜನ್ನು ಕುರಿತು ಹಲವರು ಬರೆದ ದೊಡ್ಡ ಗ್ರಂಥವೊಂದನ್ನು ಸಂಪಾದಿಸಿದನು. ಅಲ್ಲಿಂದಾಚೆಗೆ ಬಹುಕಾಲ ನಿಲ್ಲದೆ ನಿವೃತ್ತನಾದನು. ಕೀರ್ತಿವಂತರು ಸಾಮಾನ್ಯವಾಗಿ ಮಾಡುವಂತೆ ಸಭೆಗಳಲ್ಲಿ ಕಾಣಿಸಿಕೊಳ್ಳುವುದಕ್ಕೆ ಬದಲಾಗಿ ಮರಗೆಲಸ, ತೋಟ, ಸಂಗೀತಗಳಲ್ಲಿ ಕಾಲ ಕಳೆದು, 1997ರ ಮೇ 22ರಂದು ಎಂಬತ್ತೆಂಟನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದನು.

ಅಷ್ಟರೊಳಗೆ 1982ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ ಮತ್ತು ಆತನ ಸಂಗಡಿಗರು ಲ್ಯಾಂಬ್ಡಾದ ಎಳೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓದಿ ಮುಗಿಸಿದ್ದರು: 48,502 ಅಕ್ಷರಗಳು. ಹರ್ಷಿ ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ, 2001ರಲ್ಲಿ, ಇನ್ನೊಂದು ಪುಟ್ಟ ಫೇಜಿನ ಎಳೆಯ ತುದಿಯನ್ನು ಬೆಳಕಿನ ಕಿರಣದ ಇಕ್ಕಳದಿಂದ ಹಿಡಿದು, ಅದನ್ನು ತಲೆಯೊಳಕ್ಕೆ ಸೆಳೆದು ತುರುಕುವ ಯಂತ್ರದ ಬಲವನ್ನು ಅಳೆದರು. ಒಳಗೆ ಸುತ್ತಿಕೊಂಡ ಎಳೆ ಹತ್ತಾರು ವಾಯುಭಾರದ ಒತ್ತಡದಲ್ಲಿರುತ್ತದೆಂದು ಅದರಿಂದ ತಿಳಿದುಬಂದಿತು. ಇಂದು ಪ್ರಯೋಗಶಾಲೆಗಳಲ್ಲಿ ಉದ್ದನೆಯ ಡಿ.ಎನ್‌.ಎ.ಯನ್ನು ತೆಗೆಯಲು ಕಲಿಯುವ ವಿದ್ಯಾರ್ಥಿಗಳಿಗೆ ಮೊದಲು ಹೇಳಿಕೊಡುವ ಪಾಠಗಳಲ್ಲಿ ಒಂದುಂಟು: ಪಿಪೆಟ್ಟಿನ ಮೊನೆಯನ್ನು ಕತ್ತರಿಸಿ ಬಾಯನ್ನು ಅಗಲಮಾಡಿಕೊಳ್ಳಬೇಕು, ದ್ರವವನ್ನು ಕುಲುಕಬಾರದು, ಮೆಲ್ಲಗೆ, ಬಹು ಮೆಲ್ಲಗೆ ಎಳೆದುಕೊಳ್ಳಬೇಕು.